ಮೊದಲು ಹೂವು, ಆಮೇಲೆ ಪೆಟ್ಟಿಗೆ: ಹಿತ್ತಿಲ ಕೈತೋಟವೂ ಜೇನುಸಾಕಣೆಯೂ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುತ್ತುವಾಗ ಎರಡು ದೂರುಗಳು ಮತ್ತೆ ಮತ್ತೆ ನನ್ನ ಕಿವಿಗೆ ಬೀಳುತ್ತವೆ. ಒಂದು: “ಹಿತ್ತಿಲಲ್ಲಿ ಕುಂಬಳದ ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ಬಿಡುತ್ತದೆ, ಆದರೆ ಮಿಡಿ ನಿಲ್ಲುವುದಿಲ್ಲ.” ಇನ್ನೊಂದು: “ದುಡ್ಡು ಕೊಟ್ಟು ಜೇನುಪೆಟ್ಟಿಗೆ ತಂದೆವು, ಮೂರು ತಿಂಗಳಿಗೆ ಜೇನು ಹಾರಿಹೋಯಿತು, ಬರಿ ಪೆಟ್ಟಿಗೆ ಉಳಿಯಿತು.” ಈ ಎರಡು ದೂರುಗಳು ಬೇರೆ ಬೇರೆ ಮನೆಯವಾದರೂ ಪರಿಹಾರ ಬಹುಮಟ್ಟಿಗೆ ಒಂದೇ. ಕೈತೋಟಕ್ಕೆ ಜೇನು ಬೇಕು. ಜೇನಿಗೆ ವರ್ಷವೆಲ್ಲ ಹೂವು ಬೇಕು. ಹಿತ್ತಲ ಗಿಡ ಮದ್ದಲ್ಲ ಎಂದು ನಾವು ಕಡೆಗಣಿಸಿದ ಜಾಗದಲ್ಲಿಯೇ ಇವೆರಡನ್ನೂ ಕೂಡಿಸಬಹುದು.

ಮಿಡಿ ಏಕೆ ಉದುರುತ್ತದೆ?

ಕುಂಬಳ, ಸೌತೆ, ಹಾಗಲ ಇವುಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಕಾಣುತ್ತದೆ. ಗಂಡು ಹೂವಿನ ಪರಾಗ ಅದಕ್ಕೆ ಮುಟ್ಟದಿದ್ದರೆ ಆ ಮಿಡಿ ಹಳದಿಯಾಗಿ ಮುರುಟಿ ಉದುರುತ್ತದೆ. ಕುಂಬಳದ ಹೂವು ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಆ ಕೆಲವೇ ಗಂಟೆಗಳಲ್ಲಿ ಜೇನುನೊಣ ಬರಬೇಕು. ಬಾರದಿದ್ದರೆ ನೀವೇ ಗಂಡು ಹೂವನ್ನು ಕಿತ್ತು, ಅದರ ಎಸಳು ಸುಲಿದು, ಹೆಣ್ಣು ಹೂವಿನ ನಡುಭಾಗಕ್ಕೆ ಮೆಲ್ಲಗೆ ಸವರಬೇಕು.

ಸೋರೆ ಮತ್ತು ಹೀರೆಯ ಲೆಕ್ಕ ಬೇರೆ. ಅವು ಸಂಜೆ ಅರಳುವ ಹೂವುಗಳು. ಇರುಳಿನ ಪತಂಗಗಳು ಅವಕ್ಕೆ ನೆರವಾಗುತ್ತವೆ. ಜೇನುಪೆಟ್ಟಿಗೆ ಇಟ್ಟ ಮಾತ್ರಕ್ಕೆ ಸೋರೆ ಹೆಚ್ಚು ಕಚ್ಚುತ್ತದೆಂದು ಕಾಯಬೇಡಿ. ಸಂಜೆ ಕೈಯಿಂದ ಪರಾಗ ಮುಟ್ಟಿಸಿ. ಇನ್ನೊಂದನ್ನು ಗಮನಿಸಿ: ಉದುರಿದ ಮಿಡಿಯನ್ನು ಸೀಳಿದಾಗ ಒಳಗೆ ಬಿಳಿ ಹುಳು ಕಂಡರೆ ಅದು ಹಣ್ಣುನೊಣದ ಕೆಲಸ. ಅಂಥ ಮಿಡಿಗಳನ್ನು ಬಳ್ಳಿಯ ಬುಡದಲ್ಲಿ ಬಿಡದೆ ಆರಿಸಿ ಆಳವಾಗಿ ಹೂಳಬೇಕು.

ಜೇನು ಏಕೆ ಹಾರಿಹೋಗುತ್ತದೆ?

ನಮ್ಮ ಸೀಮೆಯಲ್ಲಿ ಹಲವು ಬಗೆಯ ಜೇನುಗಳಿವೆ. ಬಂಡೆಗಳಿಗೂ ಎತ್ತರದ ಮರಗಳಿಗೂ ಕಟ್ಟುವುದು ಹೆಜ್ಜೇನು. ಅದನ್ನು ಸಾಕಲಾಗದು, ಕೆಣಕಲೂ ಬಾರದು. ಬೇಲಿಯ ಕಡ್ಡಿಗೆ ಒಂದೇ ಎರಿ ಕಟ್ಟುವುದು ಕೋಲುಜೇನು. ಗೋಡೆಯ ಸಂದಿನಲ್ಲಿರುವ, ಕುಟುಕದ ಸಣ್ಣ ಜೇನು ನಸರಿ. ಮರದ ಪೊಟರೆ, ಹುತ್ತಗಳಲ್ಲಿ ಸಾಲಾಗಿ ಹಲವು ಎರಿ ಕಟ್ಟುವ ತುಡುವೆ ಜೇನೇ ಹಿತ್ತಿಲ ಪೆಟ್ಟಿಗೆಗೆ ಒಗ್ಗುವಂಥದು.

ತುಡುವೆಗೆ ಒಂದು ಸ್ವಭಾವವುಂಟು. ಹಸಿವಾದರೆ, ಬಿಸಿಲು ತಾಳಲಾಗದಿದ್ದರೆ, ಇರುವೆಯ ಕಾಟ ಹೆಚ್ಚಿದರೆ, ಪದೇ ಪದೇ ಪೆಟ್ಟಿಗೆ ತೆರೆದು ನೋಡಿದರೆ, ಇಡೀ ಕುಟುಂಬ ಮನೆ ಬಿಟ್ಟು ಹೋಗುತ್ತದೆ. ಇವುಗಳಲ್ಲಿ ಹಸಿವೇ ಮುಖ್ಯ ಕಾರಣ. ಜೇನು ಮೇಯುವುದು ಪೆಟ್ಟಿಗೆಯ ಸುತ್ತ ಸುಮಾರು ಒಂದು ಕಿಲೋಮೀಟರಿನೊಳಗೆ. ಆ ವಲಯದಲ್ಲಿ ರಾಗಿಯೂ ಹಿಪ್ಪುನೇರಳೆಯೂ ಮಾತ್ರ ಇದ್ದರೆ ನಮ್ಮ ಕಣ್ಣಿಗೆ ಊರು ಹಸಿರು, ಜೇನಿಗೆ ಮಾತ್ರ ಬರಗಾಲ. ಈ ಎರಡು ಬೆಳೆಗಳ ಹೂವಿನಲ್ಲಿ ಮಕರಂದವಿಲ್ಲ.

ಹೂವಿನ ಪಂಚಾಂಗ

ಪೆಟ್ಟಿಗೆ ತರುವ ಮೊದಲು ನಿಮ್ಮ ಊರಿನ ಹೂವಿನ ಪಂಚಾಂಗವನ್ನು ನೀವೇ ಬರೆದುಕೊಳ್ಳಿ. ಸ್ಥೂಲವಾಗಿ ನಮ್ಮ ಕಡೆಯ ಲೆಕ್ಕ ಹೀಗಿದೆ. ಪುಷ್ಯ, ಮಾಘಗಳಲ್ಲಿ ಮಾವು. ಯುಗಾದಿಯ ಆಸುಪಾಸಿನಲ್ಲಿ ಬೇವು, ಹೊಂಗೆ, ನೇರಳೆ. ಅದರ ಬೆನ್ನಿಗೆ ಹುಣಸೆ. ಈ ಕಾಲ ಜೇನಿಗೆ ಸುಗ್ಗಿ. ಆಷಾಢ, ಶ್ರಾವಣಗಳಲ್ಲಿ ಗಾಳಿ, ಜಿಟಿಮಳೆ, ಹೂವಿನ ಅಭಾವ. ಕುಟುಂಬಗಳು ಹಾರಿಹೋಗುವುದು ಬಹುಪಾಲು ಆಗಲೇ. ಮಳೆ ಇಳಿದ ಮೇಲೆ ಹೊಲದ ಬದುವಿನ ತುಂಬೆ, ಸಾಸಿವೆ, ಹುಚ್ಚೆಳ್ಳು ಅರಳಿ ಜೇನು ಮತ್ತೆ ಚೇತರಿಸಿಕೊಳ್ಳುತ್ತದೆ. ತೆಂಗು, ಬಾಳೆ ವರ್ಷವಿಡೀ ಅಷ್ಟಿಷ್ಟು ಮೇವು ಕೊಡುತ್ತವೆ. ಚೆನ್ನಾಗಿ ಬೆಳೆದ ತೆಂಗಿನ ಮರದಲ್ಲಿ ತಿಂಗಳಿಗೆ ಹೆಚ್ಚು ಕಡಿಮೆ ಒಂದು ಹೊಂಬಾಳೆ ಒಡೆಯುತ್ತದೆ.

ಇಲ್ಲಿ ನಮ್ಮ ಹಿರಿಯರ ಅಕ್ಕಡಿ ಸಾಲನ್ನು ನೆನೆಯಬೇಕು. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಇಕ್ಕುತ್ತಿದ್ದುದು ಮನೆಯ ಸಾರಿಗೂ ಎಣ್ಣೆಗೂ ಎಂದು ನಾವು ತಿಳಿದಿದ್ದೇವೆ. ಅದು ಜೇನಿನ ಹುಲ್ಲುಗಾವಲೂ ಆಗಿತ್ತು. ಹುಚ್ಚೆಳ್ಳಿನ ಗಿಡ ತನ್ನ ಪರಾಗದಿಂದ ತಾನೇ ಕಾಳು ಕಟ್ಟಲಾರದು; ಒಂದು ಗಿಡದ ಪರಾಗ ಇನ್ನೊಂದಕ್ಕೆ ಹೋಗಬೇಕು, ಅದನ್ನು ಒಯ್ಯುವುದು ಮುಖ್ಯವಾಗಿ ಜೇನು. ಹುಚ್ಚೆಳ್ಳಿನ ಸಾಲು ಬಿಟ್ಟ ಊರಿನಲ್ಲಿ ಜೇನಿಗೆ ಮಳೆಗಾಲದ ನಂತರದ ಊಟ ತಪ್ಪುತ್ತದೆ. ಈ ಮುಂಗಾರಿನಲ್ಲಿ ನಾಲ್ಕಾರು ಸಾಲುಗಳನ್ನಾದರೂ ಮತ್ತೆ ಹಾಕಿ ನೋಡಿ.

ಒಂದು ಗುಂಟೆಯ ಕೈತೋಟ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಷ್ಟಿದ್ದರೆ ಒಂದು ಸಂಸಾರಕ್ಕೆ ಸೊಪ್ಪು, ತರಕಾರಿಯ ಬಹುಭಾಗ ಹೊರಡಿಸಬಹುದು. ಅರ್ಧ ಗುಂಟೆಯಿದ್ದರೂ ಆರಂಭಿಸಬಹುದು. ಬಚ್ಚಲ ನೀರನ್ನು ಬೀದಿಗೆ ಬಿಡದೆ ಸಣ್ಣ ಕಾಲುವೆ ತೆಗೆದು ಬಾಳೆ ಮತ್ತು ತೆಂಗಿನ ಬುಡಕ್ಕೆ ತಿರುಗಿಸಿ. ನುಗ್ಗೆ, ಕರಿಬೇವು ಬೇಲಿಯ ಬದಿಗಿರಲಿ. ಕುಂಬಳ, ಸೌತೆ, ಹಾಗಲ ಚಪ್ಪರಕ್ಕೂ ಬೇಲಿಗೂ ಹಬ್ಬಲಿ. ನಡುವೆ ಪಾತಿ ಮಾಡಿ ಸೊಪ್ಪು, ಬದನೆ, ಮೆಣಸಿನಕಾಯಿ ಹಾಕಿ. ರೇಷ್ಮೆ ಸಾಕುವ ಮನೆಯವರಿಗೆ ಹುಳುವಿನ ಹಿಕ್ಕೆಯೂ ಉಳಿದ ಸೊಪ್ಪು ಕಡ್ಡಿಯೂ ಉಂಟು. ಅದನ್ನು ಗುಂಡಿಯಲ್ಲಿ ಚೆನ್ನಾಗಿ ಕೊಳೆಸಿದರೆ ಒಳ್ಳೆಯ ಗೊಬ್ಬರ.

ಜೇನಿಗಾಗಿ ಮಾಡಬೇಕಾದ ಹೆಚ್ಚಿನ ಕೆಲಸ ಸ್ವಲ್ಪವೇ. ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ, ಸಾಸಿವೆಗಳಲ್ಲಿ ನಾಲ್ಕಾರು ಗಿಡಗಳನ್ನು ಕೀಳದೆ ಹೂವಿಗೆ ಬಿಡಿ. ಮುಂದಿನ ಬಿತ್ತನೆಗೆ ಬೀಜವೂ ಆಯಿತು. ತುಳಸಿ, ಕಾಮಕಸ್ತೂರಿ ಅಂಚಿನಲ್ಲಿರಲಿ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಕಲ್ಲು ಹರಳು ಹಾಕಿ ನೀರಿಡಿ. ಹರಳಿಲ್ಲದಿದ್ದರೆ ನೊಣ ಮುಳುಗಿ ಸಾಯುತ್ತದೆ.

ಬೇಸರಗಳೂ ಉಂಟು, ಮುಚ್ಚಿಡಬೇಕಾಗಿಲ್ಲ. ಕೋಳಿ ಪಾತಿ ಕೆದಕುತ್ತದೆ, ಪಕ್ಕದ ಮನೆಯ ಮೇಕೆ ನುಗ್ಗೆ ಸಸಿಯನ್ನು ತಿನ್ನುತ್ತದೆ, ಬೆಟ್ಟದ ಬುಡದ ಊರುಗಳಲ್ಲಿ ಕೋತಿ ಬರುತ್ತದೆ. ಬೇಲಿಯಿಲ್ಲದ ಕೈತೋಟ ಒಂದು ತಿಂಗಳ ಕೈತೋಟ. ಬೀಜಕ್ಕೆ ಖರ್ಚು ಮಾಡುವ ಮುಂಚೆ ಬೇಲಿ ಕಟ್ಟಿ.

ರೇಷ್ಮೆ ಹುಳು ಕಲಿಸಿದ ಪಾಠ

ಪಕ್ಕದ ಹೊಲದಲ್ಲಿ ಔಷಧಿ ಹೊಡೆದು ಅದರ ಗಾಳಿ ಹಿಪ್ಪುನೇರಳೆ ಸೊಪ್ಪಿಗೆ ತಗುಲಿದರೆ ಮನೆಯ ಹುಳುವೆಲ್ಲ ಸಾಯುತ್ತದೆಂಬುದು ಈ ನಾಲ್ಕು ತಾಲ್ಲೂಕುಗಳ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೊಪ್ಪು ತರುವಾಗ ಎಷ್ಟು ಎಚ್ಚರ, ಎಷ್ಟು ವಿಚಾರಣೆ! ಜೇನೂ ಅಷ್ಟೇ ಸೂಕ್ಷ್ಮವಾದ ಜೀವಿ. ರೇಷ್ಮೆ ಹುಳುವಿಗೆ ನಾವು ಸೊಪ್ಪು ತಂದು ಹಾಕುತ್ತೇವೆ. ಜೇನು ತಾನೇ ಹೊರಗೆ ಹೋಗಿ ಮೇಯುತ್ತದೆ. ಆದ್ದರಿಂದ ನಮ್ಮ ಹೊಲದ ಎಚ್ಚರ ಸಾಲದು, ಇಡೀ ಊರಿನ ಎಚ್ಚರ ಬೇಕು.

ಹೆಚ್ಚಿನ ಅಪಾಯ ಮಾವಿನ ಹೂವಿನ ಕಾಲದ್ದು. ಜಿಗಿಹುಳುವಿಗೆಂದು ಇಮಿಡಾಕ್ಲೋಪ್ರಿಡ್‌ನಂಥ ಔಷಧಿಗಳನ್ನು ಬಳಸುತ್ತಾರೆ. ಇವು ಗಿಡದ ರಸದೊಳಗೆ ಸೇರುವಂಥವು. ಜೇನಿಗೆ ಹಾನಿಯೆಂದು ಯೂರೋಪ್ ಒಕ್ಕೂಟದ ದೇಶಗಳು 2018ರಲ್ಲಿ ಈ ಜಾತಿಯ ಮೂರು ಔಷಧಿಗಳನ್ನು ಬಯಲಿನ ಬೆಳೆಗಳಿಗೆ ಬಳಸುವುದನ್ನು ನಿಷೇಧಿಸಿದವು. ಸಿಂಪಡಣೆ ಅನಿವಾರ್ಯವಾದರೆ ಹೂವಿನ ತೆನೆ ಹೊರಡುವಾಗಲೇ, ಮೊಗ್ಗು ಒಡೆಯುವ ಮುಂಚೆ ಮುಗಿಸಿ. ತುಂಬು ಹೂವಿಗೆ ಹೊಡೆಯಬೇಡಿ: ಜೇನಿನ ಜೊತೆಗೆ ಮಾವಿಗೆ ಕಾಯಿ ಕಚ್ಚಿಸುವ ಇತರ ನೊಣಗಳೂ ಸಾಯುತ್ತವೆ, ನಷ್ಟ ತೋಟದವರದೇ. ಉಳಿದ ಬೆಳೆಗಳಿಗೂ ಜೇನು ಗೂಡು ಸೇರಿದ ಮೇಲೆ, ಸಂಜೆಯ ಹೊತ್ತು ಹೊಡೆಯಿರಿ. ಹಿಂದಿನ ದಿನವೇ ನೆರೆಯವರಿಗೆ ಒಂದು ಮಾತು ತಿಳಿಸಿ. ಗ್ರಾಮಸಭೆಯಲ್ಲಿ ಇದನ್ನು ಒಂದು ಕಟ್ಟುಪಾಡಾಗಿ ಮಾಡಿಕೊಂಡರೆ ರೇಷ್ಮೆಗೂ ಜೇನಿಗೂ ಕ್ಷೇಮ.

ಪೆಟ್ಟಿಗೆ ಮತ್ತು ಅದರ ಸ್ಥಾನ

ಗೂಡಿನಲ್ಲಿ ಜೇನು ಓಡಾಡಲು ಒಂದು ಗೊತ್ತಾದ ಅಳತೆಯ ಸಂದು ಬಿಡುತ್ತದೆ. ಅಷ್ಟೇ ಸಂದು ಬಿಟ್ಟರೆ ಚೌಕಟ್ಟುಗಳನ್ನು ಅಂಟಿಸುವುದಿಲ್ಲ ಎಂಬುದನ್ನು 1851ರಲ್ಲಿ ಅಮೆರಿಕದ ಪಾದ್ರಿ ಲಾಂಗ್‌ಸ್ಟ್ರಾತ್ ಪೆಟ್ಟಿಗೆಗೆ ಅಳವಡಿಸಿದರು. ನಮ್ಮ ತುಡುವೆಗೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು ಕಳೆದ ಶತಮಾನದ ಆರಂಭದಲ್ಲಿ ತಿರುಚಿನಾಪಳ್ಳಿಯ ಕಡೆ ಪಾದ್ರಿ ನ್ಯೂಟನ್ ರೂಪಿಸಿದರು. ಇಂದಿಗೂ ಅದು ನ್ಯೂಟನ್ ಪೆಟ್ಟಿಗೆ ಎಂದೇ ಹೆಸರು. ಬೊಂಬೆ ಮಾಡುವ ಚನ್ನಪಟ್ಟಣದ ಸೀಮೆಯಲ್ಲಿ ಕೈಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಆದರೆ ಅಂದಾಜಿನ ಮೇಲೆ ಮಾಡಿಸಬೇಡಿ, ಮಾದರಿ ಪೆಟ್ಟಿಗೆಯನ್ನು ಮುಂದಿಟ್ಟು ಅಳತೆ ಕರಾರುವಾಕ್ಕಾಗಿ ಮಾಡಿಸಿ.

ಪೆಟ್ಟಿಗೆ ಮರದ ನೆರಳಿನಲ್ಲಿ, ಪೂರ್ವಕ್ಕೆ ಬಾಗಿಲಾಗಿ, ಜನ ದನ ಓಡಾಡದ ಕಡೆ ಇರಲಿ. ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲಿಟ್ಟರೆ ಇರುವೆ ಹತ್ತುವುದಿಲ್ಲ. ಬೆಟ್ಟದ ಅಂಚಿನ ಊರುಗಳವರು ಪೆಟ್ಟಿಗೆಯನ್ನು ದೂರದ ಹೊಲದಲ್ಲಿ ಇಡಬೇಡಿ. ಕರಡಿಗೆ ಜೇನೆಂದರೆ ಆಸೆ. ಕನಕಪುರದ ಕಡೆಯ ಕೆಲವರು ಜೇನಿಟ್ಟರೆ ಆನೆ ಬಾರದೆ ಎಂದು ಕೇಳುತ್ತಾರೆ. ಆನೆ ಜೇನಿಗೆ ಅಂಜುವುದು ನಿಜ. 2021ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೊಡಗಿನಲ್ಲಿ ಆನೆದಾರಿಗೆ ಸಾಲಾಗಿ ಪೆಟ್ಟಿಗೆಗಳನ್ನಿಟ್ಟು ಪ್ರಯೋಗ ನಡೆಸಿತು. ಹಿತ್ತಿಲ ಒಂದೆರಡು ಪೆಟ್ಟಿಗೆಯಿಂದ ಆ ಕೆಲಸ ಆಗದು.

ವಾರಕ್ಕೊಮ್ಮೆ ನೋಡಬೇಕಾದದ್ದು

ವಾರಕ್ಕೆ ಒಂದು ಸಲ, ಬೆಚ್ಚಗಿನ ಹೊತ್ತಿನಲ್ಲಿ, ಸ್ವಲ್ಪ ಹೊಗೆಯೂದಿ ಪೆಟ್ಟಿಗೆ ತೆರೆಯಿರಿ. ಅಡಿಹಲಗೆಯ ಕಸ ಗುಡಿಸಿ. ಖಾಲಿ ಎರಿಯಲ್ಲಿ ಬಲೆ ಕಂಡರೆ ಅದು ಮೇಣದ ಪತಂಗದ ಹುಳು. ಆ ಎರಿ ತೆಗೆದು ಸುಡಿ. ಮಳೆಗಾಲದಲ್ಲಿ ಮೇವಿಲ್ಲದಾಗ ಸಕ್ಕರೆಗೆ ಅಷ್ಟೇ ನೀರು ಬೆರೆಸಿ ಪಾಕ ಮಾಡಿ, ಸಂಜೆ ಪೆಟ್ಟಿಗೆಯೊಳಗೆ ಇಡಿ. ಹೊರಗೆ ಚೆಲ್ಲಿದರೆ ಇರುವೆಯೂ ಬೇರೆ ಗೂಡಿನ ಜೇನೂ ಲೂಟಿಗೆ ಬರುತ್ತವೆ. ಸುಗ್ಗಿಯಲ್ಲಿ ಎರಿಯ ಕೆಳ ಅಂಚಿನಲ್ಲಿ ಹೊಸ ರಾಣಿಯ ಕಣಗಳು ಜೋತುಬಿದ್ದರೆ ಕುಟುಂಬ ಪಾಲಾಗಲು ಸಿದ್ಧವಾಗಿದೆ ಎಂದು ತಿಳಿಯಿರಿ. ಬಲ್ಲವರನ್ನು ಕರೆದು ಎರಡು ಪೆಟ್ಟಿಗೆ ಮಾಡಿಕೊಳ್ಳಬಹುದು.

ಒಂದು ರೋಗವನ್ನು ತಿಳಿದಿರಲೇಬೇಕು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ಹಬ್ಬಿ, ತುಡುವೆ ಕುಟುಂಬಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ನಾಶವಾದವು. ಮರಿಹುಳು ನೀರು ತುಂಬಿದ ಚೀಲದಂತಾಗಿ, ತಲೆ ಮೇಲಕ್ಕೆತ್ತಿ ಕಣದಲ್ಲೇ ಸಾಯುತ್ತದೆ. ಇದಕ್ಕೆ ಔಷಧಿಯಿಲ್ಲ. ಅಂಥ ಕುಟುಂಬದ ಎರಿ, ಸಲಕರಣೆಗಳನ್ನು ಇನ್ನೊಂದಕ್ಕೆ ಮುಟ್ಟಿಸಬೇಡಿ. ಹೊಸ ಕುಟುಂಬ ಕೊಳ್ಳುವಾಗ ಮರಿ ಆರೋಗ್ಯವಾಗಿದೆಯೇ ಎಂದು ನೋಡಿಯೇ ಕೊಳ್ಳಿ. ರೋಗದಲ್ಲಿ ಉಳಿದ ಬಲವಾದ ಕುಟುಂಬಗಳಿಂದಲೇ ತುಡುವೆ ಮತ್ತೆ ವೃದ್ಧಿಯಾಯಿತೆಂಬುದು ಸಮಾಧಾನದ ಮಾತು.

ಲಾಭದ ಲೆಕ್ಕ

ಮೊದಲ ವರ್ಷ ತುಪ್ಪದ ಆಸೆ ಬೇಡ. ನೆಲೆ ನಿಂತ ಮೇಲೆ ನಮ್ಮಂಥ ಬಯಲುಸೀಮೆಯಲ್ಲಿ ಪೆಟ್ಟಿಗೆಗೆ ವರ್ಷಕ್ಕೆ ನಾಲ್ಕೈದು ಕಿಲೋ ಬಂದರೆ ತೃಪ್ತಿಪಡಬೇಕು. ಮೇಣದ ಮುಚ್ಚಳ ಬಿದ್ದ ಎರಿಗಳನ್ನು ಮಾತ್ರ ಯಂತ್ರದಲ್ಲಿ ತಿರುಗಿಸಿ ತೆಗೆಯಿರಿ, ಹಿಂಡಬೇಡಿ. ಮಳೆಗಾಲಕ್ಕೆಂದು ಗೂಡಿನಲ್ಲಿ ಒಂದಿಷ್ಟು ಬಿಡಿ. ಜೇನುತುಪ್ಪ ಹರಳುಗಟ್ಟಿದರೆ ಕಲಬೆರಕೆಯೆಂದು ಅನುಮಾನಿಸಬೇಡಿ, ಶುದ್ಧ ತುಪ್ಪವೂ ಹರಳುಗಟ್ಟುತ್ತದೆ. ತಾಯಂದಿರಿಗೆ ಒಂದು ಮಾತು: ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬೇಡಿ, ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಗೂಸಿಗೆ ಅಪಾಯ. ಕುಟುಕಿದಾಗ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ; ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ನಾಲ್ಕೈದು ಕಿಲೋ ತುಪ್ಪಕ್ಕಾಗಿ ಇಷ್ಟೆಲ್ಲ ಏಕೆ ಎನ್ನಬಹುದು. ತುಪ್ಪವನ್ನು ಡಬ್ಬಿಯಲ್ಲಿ ಅಳೆಯುತ್ತೇವೆ. ನಿಂತ ಕುಂಬಳದ ಮಿಡಿ, ಕಾಳು ಕಟ್ಟಿದ ಹುಚ್ಚೆಳ್ಳು, ಪಕ್ಕದವರ ಸೌತೆಯ ಚಪ್ಪರ ಇವನ್ನು ಯಾರೂ ಅಳೆಯುವುದಿಲ್ಲ. ಜೇನು ಸಾಕಿದವರ ನಿಜವಾದ ಲಾಭ ಅಲ್ಲಿದೆ. ಬೆಳಗಿನ ಹೊತ್ತು ಮಕ್ಕಳು ಹೂವಿನ ಮೇಲೆ ನೊಣ ಕೂರುವುದನ್ನು ನೋಡಿ, ಅದು ಎಲ್ಲಿಗೆ ಹೋಗುತ್ತದೆಂದು ಕೇಳುತ್ತಾರಲ್ಲ, ಆ ಸಂತೋಷಕ್ಕೂ ಲೆಕ್ಕವಿಲ್ಲ.

ಆದ್ದರಿಂದ ಈ ವರ್ಷ ಬೇಲಿ, ಕೈತೋಟ, ಅಕ್ಕಡಿ ಸಾಲು. ಆಷಾಢದಲ್ಲಿಯೂ ಹಿತ್ತಿಲಲ್ಲಿ ನಾಲ್ಕು ಬಗೆಯ ಹೂವು ಕಂಡರೆ ಮುಂದಿನ ವರ್ಷ ಒಂದು ಪೆಟ್ಟಿಗೆ. ಜೇನಿನ ತರಬೇತಿ, ಕುಟುಂಬಗಳ ವಿಚಾರಕ್ಕೆ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಾಗಲಿ, ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಬಹುದು. ಹೋಗುವಾಗ ನಿಮ್ಮ ಊರಿನ ಹೂವಿನ ಪಂಚಾಂಗವನ್ನು ಬರೆದುಕೊಂಡು ಹೋಗಿ. ಮಾತು ಅಲ್ಲಿಂದಲೇ ಆರಂಭವಾಗಲಿ.