ಪಾಸ್ತಾ ಅಲ್ಲ, ಪುಡಿಯ ಪೊಟ್ಟಣ

ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು ಮನೆಗೆ ಬಂದವರಿಗೆ ಒಲೆಯ ಮುಂದೆ ನಿಲ್ಲುವ ತ್ರಾಣ ಇರುವುದಿಲ್ಲ. ಅಮೆರಿಕದಲ್ಲಾದರೆ ಅಂಥ ಸಂಜೆ ಕೈ ತಾನಾಗಿ ಕಪಾಟಿನ ಮ್ಯಾಕರೋನಿ-ಚೀಸ್ ಡಬ್ಬಿಗೆ ಹೋಗುತ್ತದೆ. ಏಳೆಂಟು ನಿಮಿಷ ಬೇಯಿಸಿ, ನೀರು ಬಸಿದು, ಕಿತ್ತಳೆ ಬಣ್ಣದ ಪುಡಿ ಸುರಿದು, ಹಾಲು-ಬೆಣ್ಣೆ ಸೇರಿಸಿ ಕಲಸಿದರೆ ಊಟ ತಯಾರು. ವಾರಕ್ಕೆ ಮೂರು ಸಲ ಈ ಸುಸ್ತು ಉಣ್ಣುವವರಿಗೆ ‘ತಾಜಾ ಅಡುಗೆ ಮಾಡಿಕೊಳ್ಳಿ’ ಎನ್ನುವವರು ಒಮ್ಮೆ ಆ ಕುರ್ಚಿಯಲ್ಲಿ ಕೂತು ನೋಡಬೇಕು.

ಈ ಡಬ್ಬಿ ಹುಟ್ಟಿದ್ದೇ ಕಷ್ಟಕಾಲಕ್ಕೆ. 1937ರಲ್ಲಿ, ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, ಕ್ರಾಫ್ಟ್ ಕಂಪನಿ ಇದನ್ನು 19 ಸೆಂಟಿಗೆ ನಾಲ್ವರ ಊಟವೆಂದು ಮಾರಿತು.

ಆದರೆ ಕಿಡ್ನಿ ರೋಗಿಗೆ ಈ ಡಬ್ಬಿ ಒಗ್ಗುವುದಿಲ್ಲ. ಹಾಗೆಂದು ಪಾಸ್ತಾದ ಮೇಲೆ ತಪ್ಪು ಹೊರಿಸುವಂತಿಲ್ಲ. ಉಪ್ಪಿಲ್ಲದೆ ಬೇಯಿಸಿದ ಬಿಳಿ ಪಾಸ್ತಾದಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಪೊಟ್ಯಾಷಿಯಂ, ರಂಜಕವೂ ಹೆಚ್ಚಿಲ್ಲ. ಪಾಸ್ತಾದ ತವರು ಇಟಲಿಯಲ್ಲಂತೂ ಡಯಾಲಿಸಿಸ್ ಹಂತಕ್ಕೆ ಬಾರದ ಕಿಡ್ನಿ ರೋಗಿಗಳಿಗೆಂದು ಪ್ರೋಟೀನ್ ತೀರಾ ಕಡಿಮೆ ಇರುವ ಪಾಸ್ತಾ ತಯಾರಾಗುತ್ತದೆ. ಅಲ್ಲಿ ಅದು ಪಥ್ಯ!

ತಕರಾರು ಇರುವುದು ಪುಡಿಯ ಪೊಟ್ಟಣದಲ್ಲಿ. ಒಂದು ಪಾಲಿಗೆ ಸುಮಾರು 550 ಮಿಲಿಗ್ರಾಂ ಸೋಡಿಯಂ. ಡಬ್ಬಿಯ ಮೇಲೆ ಮೂರು ಪಾಲು ಎಂದಿರುತ್ತದೆ; ಹಸಿದು ಬಂದ ಒಂಟಿ ಜೀವ ಅಳೆದು ಮೂರನೇ ಒಂದು ಭಾಗವನ್ನಷ್ಟೇ ತಿಂದೀತೇ? ಪೂರ್ತಿ ಖಾಲಿಯಾದರೆ, ಕಿಡ್ನಿ ರೋಗಿಗೆ ಇಡೀ ದಿನಕ್ಕೆ ಹೇಳಿದ 2000 ಮಿಲಿಗ್ರಾಂ ಮಿತಿಯ ಬಹುಪಾಲು ಒಂದೇ ಬಟ್ಟಲಲ್ಲಿ ಮುಗಿಯಿತು. ಆಮೇಲೆ ಬಾಯಾರಿಕೆ, ನೀರು, ಕಾಲು ಊತ.

ಉಪ್ಪಾದರೂ ನಾಲಿಗೆಗೆ ಗೊತ್ತಾಗುತ್ತದೆ. ಚೀಸ್ ಪುಡಿ ಹಾಲು-ಬೆಣ್ಣೆಯಲ್ಲಿ ಒಡೆಯದೆ ನಯವಾಗಿ ಬೆರೆಯಲೆಂದು ಹಾಕುವ ಫಾಸ್ಫೇಟ್, ಅಂದರೆ ರಂಜಕದ ಲವಣ, ಗೊತ್ತಾಗುವುದಿಲ್ಲ. ಬೇಳೆಕಾಳಿನಲ್ಲಿರುವ ರಂಜಕದಲ್ಲಿ ದೇಹ ಹೀರಿಕೊಳ್ಳುವುದು ಅರ್ಧಕ್ಕಿಂತ ಕಡಿಮೆ. ಹೀಗೆ ಬೆರೆಸಿದ್ದಾದರೆ ನೂರಕ್ಕೆ ತೊಂಬತ್ತರಷ್ಟು ರಕ್ತಕ್ಕೆ ಸೇರಬಹುದು. ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ಮೈ ತುರಿಸುತ್ತದೆ, ಮೂಳೆ ಸವೆಯುತ್ತದೆ, ರಕ್ತನಾಳ ಗಡುಸಾಗುತ್ತದೆ. ಇಷ್ಟಾದರೂ ರಂಜಕ ಎಷ್ಟಿದೆ ಎಂಬ ಅಂಕಿಯನ್ನು ಅಮೆರಿಕದ ಲೇಬಲ್ಲಿನಲ್ಲಿ ನಮೂದಿಸಲೇಬೇಕೆಂಬ ನಿಯಮವಿಲ್ಲ.

‘ಕಡಿಮೆ ಸೋಡಿಯಂ’ ಎಂದು ಬರೆದಿದ್ದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಉಪ್ಪಿನ ಜಾಗಕ್ಕೆ ಪೊಟ್ಯಾಷಿಯಂ ಕ್ಲೋರೈಡ್ ಬಂದಿರಬಹುದು. ಅದು ಮಿತಿಮೀರಿದರೆ ಹೃದಯದ ಲಯವೇ ತಪ್ಪೀತು.

ನಮ್ಮ ಅಂಗಡಿಗಳ ಮಸಾಲಾ ಪಾಸ್ತಾದಲ್ಲಿ ಇನ್ನೊಂದು ಪೇಚಿದೆ. ಅಮೆರಿಕದವರು ನೀರು ಬಸಿದ ಮೇಲೆ ಪುಡಿ ಸುರಿಯುತ್ತಾರೆ, ಬೇಕಿದ್ದರೆ ಕಡಿಮೆ ಹಾಕಬಹುದು. ಇಲ್ಲಿ ಮಸಾಲೆಯನ್ನೂ ಪಾಸ್ತಾವನ್ನೂ ಒಟ್ಟಿಗೆ ಕುದಿಸಿ, ನೀರು ಇಂಗಿಸಿ ಇಳಿಸುವುದು; ಪೊಟ್ಟಣದಲ್ಲಿದ್ದುದೆಲ್ಲ ಹೊಟ್ಟೆಗೇ. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ 339, 340, 341, 450, 451, 452 ಇವುಗಳಲ್ಲಿ ಯಾವುದಾದರೂ ಸಂಖ್ಯೆ ಕಂಡರೆ ಅದು ಫಾಸ್ಫೇಟ್ ಎಂದೇ ಅರ್ಥ.

ಹಾಗೆಂದು ಪ್ಯಾಕೆಟ್ಟನ್ನೇ ಎಸೆಯಬೇಕಿಲ್ಲ. ಪಾಸ್ತಾ ಬೇಯಿಸಿ ಬಸಿದು, ಪುಡಿಯನ್ನು ಕಾಲುಭಾಗಕ್ಕೆ ಇಳಿಸಿ, ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು ಕಾಳುಮೆಣಸು ಉದುರಿಸಿದರೆ ಹದಿನೈದು ನಿಮಿಷ ಸಾಕು. ಡಯಾಲಿಸಿಸ್‌ನಲ್ಲಿರುವವರಿಗೆ ಪ್ರೋಟೀನ್ ಹೆಚ್ಚು ಬೇಕು. ಮೊಟ್ಟೆ ತಿನ್ನುವವರು ಬಿಳಿಭಾಗ ಸೇರಿಸಿಕೊಂಡರೆ ರಂಜಕದ ಕಾಟವೂ ಅಷ್ಟಿಲ್ಲ. ಯಾರಿಗೆ ಎಷ್ಟು ಎಂಬುದನ್ನು ರಕ್ತಪರೀಕ್ಷೆಯ ವರದಿಯೇ ಹೇಳಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಪ್ಯಾಕೆಟ್ಟಿನ ಹಿಂಬದಿಯ ಫೋಟೊ ಮೊಬೈಲಿನಲ್ಲಿರಲಿ. ಡಯಟಿಷಿಯನ್‌ಗೆ ತೋರಿಸಿ ಕೇಳಿ.