ರೇಷ್ಮೆಹುಳುವಿನ ‘ಜ್ವರ’

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಮನೆಗೆ ಒಮ್ಮೆ ಹೋಗಿದ್ದೆ. ಅವರದು ರೇಷ್ಮೆಹುಳು ಸಾಕುವ ಮನೆತನ. ತಟ್ಟೆಗಳ ತುಂಬ ಇದ್ದ ಹುಳುಗಳು ತಲೆಯೆತ್ತಿಕೊಂಡು ಅಲುಗಾಡದೆ ನಿಂತಿದ್ದವು. ಹತ್ತಿರದಲ್ಲಿದ್ದ ಹಿಪ್ಪುನೇರಳೆ ಸೊಪ್ಪಿಗೆ ನಾನು ಕೈಹಾಕಿದೊಡನೆ ಹುಡುಗನ ತಾಯಿ ತಡೆದರು: “ಈಗ ಸೊಪ್ಪು ಹಾಕಬಾರದು ಸಾರ್, ಜ್ವರಕ್ಕೆ ಕೂತವೆ.”

ಮೈ ಬಿಸಿಯಾಗದ ಈ ಜ್ವರ ರೋಗವಲ್ಲ. ಚರ್ಮ ಕಳಚುವ ಕಾಲ. ಮೊಟ್ಟೆಯಿಂದ ಹೊರಬಂದ ಹುಳು ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ತೂಕವಾಗುತ್ತದೆ. ಅದರ ಚರ್ಮವಾದರೋ ಅಷ್ಟು ಹಿಗ್ಗಲಾರದು. ಆದುದರಿಂದ ನಾಲ್ಕು ಬಾರಿ ಊಟ ಬಿಟ್ಟು, ಹಳೆಯ ಚರ್ಮವನ್ನು ಕಳಚಿ, ಹೊಸದನ್ನು ತೊಡಬೇಕು. ಎಲ್ಲ ಹುಳುಗಳೂ ಜ್ವರದಿಂದ ಏಳುವ ಮುನ್ನವೇ ಸೊಪ್ಪು ಹಾಕಿದರೆ, ಮೊದಲು ಎದ್ದವು ತಿಂದು ಬೆಳೆಯುತ್ತವೆ, ಉಳಿದವು ಹಿಂದೆ ಬೀಳುತ್ತವೆ. ಆಗ ಇಡೀ ಬೆಳೆ ಏರುಪೇರಾಗಿ, ತಿಂಗಳ ದುಡಿಮೆಗೆ ಕುಂದು ಬರುತ್ತದೆ. ‘ಊಟ ಬಿಡು, ಚರ್ಮ ಕಳಚು’ ಎಂಬ ಆಜ್ಞೆ ಹುಳುವಿಗೆ ಎಲ್ಲಿಂದ ಬರುತ್ತದೆ?

1922ರಲ್ಲಿ ಪೋಲೆಂಡಿನ ಸ್ಟೆಫಾನ್ ಕೊಪೆಚ್ ಎಂಬಾತ ಒಂದು ಜಾತಿಯ ಪತಂಗದ ಹುಳುಗಳ ಮೆದುಳನ್ನು ತೆಗೆದು ನೋಡಿದ ಪ್ರಯೋಗಗಳನ್ನು ವಿವರವಾಗಿ ಪ್ರಕಟಿಸಿದನು. ಕಡೆಯ ಹಂತದಲ್ಲಿ ಬೇಗನೆ ಮೆದುಳು ಕಳೆದುಕೊಂಡವು ಕೋಶಾವಸ್ಥೆಗೆ ಹೋಗಲಿಲ್ಲ. ತಡವಾಗಿ ಕಳೆದುಕೊಂಡವು ಹೋದವು. ಅಂದರೆ ಮೆದುಳು ಒಂದು ದ್ರವ್ಯವನ್ನು ರಕ್ತಕ್ಕೆ ಕಳುಹಿಸಬೇಕು. ಕಳುಹಿಸಿದ ಮೇಲೆ ಅದರ ಕೆಲಸ ಮುಗಿಯಿತು. 1940ರಲ್ಲಿ ಜಪಾನಿನ ಫುಕುದ ಎಂಬಾತ, ಚರ್ಮ ಕಳಚಲು ಹುಳುವಿನ ಎದೆಯ ಭಾಗದ ಗ್ರಂಥಿಯೊಂದು ಬೇಕೆಂದು ರೇಷ್ಮೆಹುಳುವಿನಲ್ಲೇ ತೋರಿಸಿದನು. 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋಗ್ರಾಂ ರೇಷ್ಮೆಕೋಶಗಳಿಂದ 25 ಮಿಲಿಗ್ರಾಂನಷ್ಟು ಎಕ್ಡೈಸೋನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. ಚರ್ಮ ಕಳಚಿಸುವುದು ಇದೇ. ಹೀಗೆ ಮೆದುಳು ಗ್ರಂಥಿಗೆ ಹೇಳುತ್ತದೆ, ಗ್ರಂಥಿ ಮೈಗೆಲ್ಲ ಹೇಳುತ್ತದೆ.

ಭೌತಶಾಸ್ತ್ರದ ವಿದ್ಯಾರ್ಥಿಗೆ ಇಲ್ಲೊಂದು ಸಮಸ್ಯೆ ಎದುರಾಗುತ್ತದೆ. ಎಕ್ಡೈಸೋನ್ ಎಣ್ಣೆಯೊಡನೆ ಬೆರೆಯಬಲ್ಲ ಚಿಕ್ಕ ಅಣು, ಜೀವಕೋಶದೊಳಕ್ಕೆ ಹೋಗಬಲ್ಲದು. ಮೆದುಳಿನ ಹಾರ್ಮೋನಾದ ಪಿ.ಟಿ.ಟಿ.ಎಚ್. ದೊಡ್ಡ ಪ್ರೋಟೀನು. ಗ್ರಂಥಿಯ ಕೋಶಗಳನ್ನು ಸುತ್ತುವರಿದ ಎಣ್ಣೆಯ ಪೊರೆಯನ್ನು ಅದು ದಾಟಲಾರದು. ಪೊರೆಯ ದಪ್ಪವಾದರೋ ಸುಮಾರು 5 ನ್ಯಾನೋಮೀಟರು. ಅಂತಹ ಎರಡು ಲಕ್ಷ ಪೊರೆಗಳನ್ನು ಒಟ್ಟಿದರೆ ಒಂದು ಮಿಲಿಮೀಟರು ಆದೀತು. ಹೊರಗೇ ಉಳಿದ ಅಣುವಿನ ಮಾತು ಒಳಗೆ ಕೇಳುವುದು ಹೇಗೆ?

ಪೊರೆಯಲ್ಲಿ ಟಾರ್ಸೊ ಎಂಬ ಗ್ರಾಹಕ ಪ್ರೋಟೀನುಗಳು ನೆಟ್ಟಿವೆ. ಪಿ.ಟಿ.ಟಿ.ಎಚ್. ಹಿಡಿಯುವುದು ಇವನ್ನೇ ಎಂಬುದು 2009ರಲ್ಲಿ ತಿಳಿಯಿತು. ಟಾರ್ಸೊವಿನ ಒಂದು ತುದಿ ಹೊರಗೆ, ಇನ್ನೊಂದು ಒಳಗೆ. ನಡುವೆ ಪೊರೆಯನ್ನು ದಾಟುವುದು ಒಂದೇ ಒಂದು ಸುರುಳಿ. ಮೆತ್ತನೆಯ ಪೊರೆಯಲ್ಲಿ ತೇಲುವ ಇಂತಹ ಒಂಟಿ ಸುರುಳಿಯನ್ನು ಹೊರಗಿನಿಂದ ತಳ್ಳಿದರೆ ಒಳಗೆ ದೊಡ್ಡ ಪರಿಣಾಮವಾಗುವಂತಿಲ್ಲ. ಪ್ರಕೃತಿ ಹಿಡಿದಿರುವ ಮಾರ್ಗ ಬೇರೆ: ತಳ್ಳುವುದಲ್ಲ, ಜೋಡಿಸುವುದು.

ಬಯಲಿನಲ್ಲಿ ಬಿಡಿಯಾಗಿ ಮೇಯುವ ಎರಡು ಎತ್ತುಗಳಿಂದ ಉಳುಮೆಯಾಗದು. ಕೊರಳ ಮೇಲೆ ನೊಗ ಬಿದ್ದಾಗ ಅವು ಜೊತೆಗೂಡುತ್ತವೆ. ಪಿ.ಟಿ.ಟಿ.ಎಚ್. ಅಂತಹ ನೊಗ. ಅದು ಒಂದೇ ಬಗೆಯ ಎರಡು ಭಾಗಗಳು ಗಂಧಕದ ಕೊಂಡಿಯಿಂದ ಕೂಡಿ ಆದ ಅಣು. ಎರಡು ಟಾರ್ಸೊಗಳ ನಡುವೆ ಅದು ಸಿಕ್ಕಿಕೊಂಡಿರುವ ರೀತಿಯನ್ನು 2015ರಲ್ಲಿ ರೇಷ್ಮೆಹುಳುವಿನ ಪ್ರೋಟೀನುಗಳ ಹರಳುಗಳ ಮೇಲೆ ಎಕ್ಸ್-ಕಿರಣಗಳನ್ನು ಹಾಯಿಸಿ ಕಂಡುಕೊಂಡರು.

ಉಪಮೆ ಇಲ್ಲಿಗೆ ಮುಗಿಯುತ್ತದೆ. ಏಕೆಂದರೆ ಈ ಜೋಡಿ ಒಂದನ್ನೊಂದು ಬದಲಿಸುತ್ತದೆ. ಒಳಗಿರುವ ಎರಡು ತುದಿಗಳೂ ಕಿಣ್ವಗಳು. ಹತ್ತಿರವಾದೊಡನೆ ಒಂದು ಇನ್ನೊಂದರ ಟೈರೋಸೀನ್ ಎಂಬ ಘಟಕಕ್ಕೆ ಫಾಸ್ಫೇಟನ್ನು ಅಂಟಿಸುತ್ತದೆ. ಫಾಸ್ಫೇಟಿನಲ್ಲಿ ಋಣ ವಿದ್ಯುದಂಶವುಂಟು. ಕೋಶದೊಳಗಿನ ಕೆಲವು ಪ್ರೋಟೀನುಗಳಲ್ಲಿ ಧನ ವಿದ್ಯುದಂಶವುಳ್ಳ ತಗ್ಗುಗಳಿದ್ದು, ಅವು ಈ ಗುರುತಿಗೆ ಬಂದು ಕಚ್ಚಿಕೊಳ್ಳುತ್ತವೆ. ಅಲ್ಲಿಂದ ಸುದ್ದಿ ‘ರಾಸ್’ ಎಂಬ ಸ್ವಿಚ್ಚಿಗೆ, ಅದರಿಂದ ರಾಫ್, ಮೆಕ್, ಅರ್ಕ್ ಎಂಬ ಕಿಣ್ವಗಳಿಗೆ ಸಾಗುತ್ತದೆ. ಒಂದು ಕಿಣ್ವದ ಅಣು ಮುಂದಿನದರ ಹಲವು ಅಣುಗಳನ್ನು ಎಬ್ಬಿಸಬಲ್ಲದಾದುದರಿಂದ ಪಿಸುಮಾತು ಕೂಗಾಗುತ್ತದೆ. ಗ್ರಂಥಿ ಎಕ್ಡೈಸೋನನ್ನು ತಯಾರಿಸತೊಡಗುತ್ತದೆ. ಫಾಸ್ಫೇಟುಗಳನ್ನು ಕಿತ್ತುಹಾಕುವ ಕಿಣ್ವಗಳೂ ಉಂಟು. ಅವುಗಳಿಂದಾಗಿ ಕೂಗು ಅಡಗುತ್ತದೆ.

ಈ ಏರ್ಪಾಡು ಹುಳುವಿಗೆ ಮಾತ್ರ ಮೀಸಲಲ್ಲ. ಸ್ಟ್ಯಾನ್ಲಿ ಕೋಹೆನ್ ಎಳೆಯ ಇಲಿಮರಿಗಳಿಗೆ ಒಂದು ಪ್ರೋಟೀನನ್ನು ಚುಚ್ಚಿದಾಗ ಅವು ಕಾಲಕ್ಕೆ ಮುನ್ನವೇ ಕಣ್ಣು ತೆರೆದವು. ಹೊರಚರ್ಮದ ಬೆಳವಣಿಗೆಯನ್ನು ಪ್ರಚೋದಿಸುವ ಆ ದ್ರವ್ಯವನ್ನು ಕಂಡುದಕ್ಕಾಗಿ ಆತನಿಗೆ, ನರಗಳ ಬೆಳವಣಿಗೆಯ ದ್ರವ್ಯವನ್ನು ಕಂಡ ರೀಟಾ ಲೆವಿ-ಮೊಂಟಾಲ್ಚಿನಿಯೊಡನೆ, 1986ರ ನೊಬೆಲ್ ಪಾರಿತೋಷಕ ದೊರೆಯಿತು. ಅದರ ಗ್ರಾಹಕವೂ ಹೀಗೆಯೇ ಜೊತೆಗೂಡುತ್ತದೆ. ಗ್ರಾಹಕಗಳು ಮಿತಿಮೀರಿ ಹೆಚ್ಚಿ ಕೂಗು ಅಡಗದೆ ಹೋದಾಗ ಕೋಶಗಳು ಎಲ್ಲೆ ಮೀರಿ ಬೆಳೆಯುತ್ತವೆ. ಹಲವು ಬಗೆಯ ಕ್ಯಾನ್ಸರಿಗೆ ಇದು ದಾರಿ. 2006ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗಾಗಿ ಬಳಕೆಗೆ ತಂದ ನಿಮೊಟುಜುಮ್ಯಾಬ್ ಎಂಬ ಔಷಧ ಈ ಗ್ರಾಹಕವನ್ನೇ ಹಿಡಿದು, ಬೆಳವಣಿಗೆಯ ದ್ರವ್ಯ ಅದಕ್ಕೆ ತಗಲದಂತೆ ಮಾಡುತ್ತದೆ.

ಮತ್ತೆ ಚಂದಕವಾಡಿಯ ತಟ್ಟೆಗಳಿಗೆ ಬರೋಣ. ಹುಳುಗಳು ಒಂದೇ ವೇಳೆಗೆ ಹಣ್ಣಾಗಿ ಚಂದ್ರಿಕೆ ಏರಲೆಂದು, ಗಿಡಗಳಿಂದ ತೆಗೆದ ಎಕ್ಡೈಸೋನ್ ಜಾತಿಯ ದ್ರವ್ಯವನ್ನು ಕಡೆಯ ಸೊಪ್ಪಿಗೆ ಸಿಂಪಡಿಸುವ ಪದ್ಧತಿಯುಂಟು. ಮೆದುಳಿನ ಹಾರ್ಮೋನನ್ನೇ ಏಕೆ ಸಿಂಪಡಿಸಬಾರದು ಎಂದು ನನ್ನ ವಿದ್ಯಾರ್ಥಿ ಕೇಳಿದ. ಉತ್ತರವನ್ನು ವಾಚಕರು ಈಗಾಗಲೇ ಊಹಿಸಿರಬಹುದು. ಪ್ರೋಟೀನು ಹುಳುವಿನ ಹೊಟ್ಟೆಯಲ್ಲಿ ಸೊಪ್ಪಿನಂತೆಯೇ ಜೀರ್ಣವಾಗಿಬಿಡುತ್ತದೆ. ಅದರ ಗ್ರಾಹಕವಿರುವುದು ಒಳಗಿನ ಗ್ರಂಥಿಯಲ್ಲಿ. ಎಕ್ಡೈಸೋನಾದರೋ ಜೀರ್ಣವಾಗದೆ ರಕ್ತವನ್ನು ಸೇರಿ, ಪೊರೆಯನ್ನೂ ದಾಟಿ ಒಳಹೋಗುತ್ತದೆ. ನೊಗದ ಕೆಲಸ ಹುಳುವಿಗೇ ಬಿಟ್ಟದ್ದು. ಅದು ನಡೆಯುವಷ್ಟು ಹೊತ್ತು ಸೊಪ್ಪು ಹಾಕದೆ ಕಾಯುವುದು ನಮ್ಮ ಕೆಲಸ. ಹುಡುಗನ ತಾಯಿ ಅದನ್ನು ಬಲ್ಲವರು.