ಮೂಳೆಯ ಗಡ್ಡೆಗೆ ಇಷ್ಟೊಂದು ಗ್ಲೂಕೋಸ್ ಏಕೆ ಬೇಕು?

ಮೂಳೆಯಲ್ಲೇ ಹುಟ್ಟುವ ಆಸ್ಟಿಯೋಸಾರ್ಕೋಮಾ ಎಂಬ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದವರಲ್ಲಿ, ಅದರಲ್ಲೂ ಮಂಡಿಯ ಆಸುಪಾಸಿನಲ್ಲಿ. ಮಕ್ಕಳು ಸರ್ರನೆ ಎತ್ತರವಾಗುವ ವಯಸ್ಸಿನಲ್ಲಿ ಅಲ್ಲಿನ ಜೀವಕೋಶಗಳು ವೇಗವಾಗಿ ವಿಭಜನೆಯಾಗುತ್ತಿರುತ್ತವೆ. ಟಿಪಿ53, ಆರ್‌ಬಿ1ನಂಥ ಕಾವಲು ಜೀನ್‌ಗಳು ಕೆಟ್ಟರೆ ಆ ವಿಭಜನೆಗೆ ಲಗಾಮು ತಪ್ಪುತ್ತದೆ. ಕೋಶಗಳು ಆಹಾರ ಬಳಸುವ ರೀತಿಯೂ ಬದಲಾಗುತ್ತದೆ.

ಆರೋಗ್ಯವಂತ ಕೋಶ ಆಮ್ಲಜನಕ ಬಳಸಿ ಗ್ಲೂಕೋಸನ್ನು ಪೂರ್ತಿ ಉರಿಸಿದಾಗ ಒಂದು ಅಣುವಿನಿಂದ ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಎಂಬ ಅಣುಗಳು ಸುಮಾರು 30 ಸಿಗುತ್ತವೆ. ಕ್ಯಾನ್ಸರ್ ಕೋಶವಾದರೋ ಆಮ್ಲಜನಕ ಇದ್ದರೂ ಬಹುಪಾಲು ಗ್ಲೂಕೋಸನ್ನು ಅರ್ಧಕ್ಕೇ ಒಡೆದು, ಲ್ಯಾಕ್ಟೇಟ್ ಮಾಡಿ ಹೊರಗೆ ತಳ್ಳುತ್ತದೆ. ಈ ದಾರಿಯಲ್ಲಿ ಸಿಗುವುದು 2 ಎಟಿಪಿ ಮಾತ್ರ. 1920ರ ದಶಕದಲ್ಲಿ ಇದನ್ನು ಕಂಡ ಜರ್ಮನಿಯ ಒಟ್ಟೊ ವಾರ್‌ಬರ್ಗ್, ಕೋಶದ ಉಸಿರಾಟವೇ ಕೆಟ್ಟಿದೆ ಎಂದು ಭಾವಿಸಿದರು. ಬಹುತೇಕ ಗಡ್ಡೆಗಳಲ್ಲಿ ಅದು ಕೆಟ್ಟಿರುವುದಿಲ್ಲ ಎಂದು ಈಗ ಗೊತ್ತಾಗಿದೆ. ಒಂದು ಕೋಶ ಎರಡಾಗಬೇಕಾದರೆ ಹೊಸ ಡಿಎನ್‌ಎ, ಹೊಸ ಪೊರೆ, ಹೊಸ ಪ್ರೋಟೀನ್ ಬೇಕು. ಅರ್ಧ ಒಡೆದ ಗ್ಲೂಕೋಸಿನ ತುಣುಕುಗಳು ಅದಕ್ಕೆ ಕಚ್ಚಾ ವಸ್ತುವಾಗುತ್ತವೆ.

ಲ್ಯಾಕ್ಟೇಟ್ ಜೊತೆ ಹೊರಬೀಳುವ ಆಮ್ಲ ಮೂಳೆಯಲ್ಲಿ ಮಾಡುವ ಹಾನಿ ವಿಶೇಷವಾದದ್ದು. ಮೂಳೆಯ ಖನಿಜ ಆಮ್ಲದಲ್ಲಿ ಕರಗುತ್ತದೆ. ಮೂಳೆಯನ್ನು ಸವೆಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನೂ ಆಮ್ಲ ಕೆರಳಿಸುತ್ತದೆ. ಮೂಳೆ ಸವೆದಂತೆ ಅದರಲ್ಲಿ ಹುದುಗಿದ್ದ ಟಿಜಿಎಫ್-ಬೀಟಾದಂಥ ಬೆಳವಣಿಗೆಯ ಅಂಶಗಳು ಹೊರಬಂದು ಗಡ್ಡೆಯನ್ನೇ ಬೆಳೆಸುತ್ತವೆ. ಗಡ್ಡೆ ಬೆಳೆದಂತೆ ಆಮ್ಲವೂ ಹೆಚ್ಚುತ್ತದೆ. ನರತುದಿಗಳಿಗೆ ಆ ಆಮ್ಲ ತಾಕುವುದು ನೋವಿಗೆ ಒಂದು ಕಾರಣ.

ಗಡ್ಡೆಯ ಈ ಗ್ಲೂಕೋಸ್ ಹಸಿವನ್ನೇ ವೈದ್ಯರು ಸುಳಿವಾಗಿ ಬಳಸುತ್ತಾರೆ. ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆ ಹೊಳೆಯುವುದು ಗ್ಲೂಕೋಸನ್ನು ಹೋಲುವ ವಿಕಿರಣಶೀಲ ವಸ್ತುವನ್ನು ಅದು ಹೀರಿಕೊಳ್ಳುವುದರಿಂದ. ಲ್ಯಾಕ್ಟೇಟ್ ತಯಾರಿಗೆ ಬೇಕಾದ ಎಲ್‌ಡಿಎಚ್ ಕಿಣ್ವ ರಕ್ತದಲ್ಲಿ ಏರಿದ್ದರೆ ರೋಗ ತೀವ್ರವಾಗಿರಬಹುದು. ಚಿಕಿತ್ಸೆಯ ಮುಖ್ಯ ಔಷಧಗಳಲ್ಲಿ ಒಂದಾದ ಮೆಥೊಟ್ರೆಕ್ಸೇಟ್ ಕೂಡ ಚಯಾಪಚಯಕ್ಕೇ ಪೆಟ್ಟು ಕೊಡುತ್ತದೆ: ಫೋಲೇಟ್ ಎಂಬ ವಿಟಮಿನ್ನಿನ ಬಳಕೆಯನ್ನು ತಡೆದು ಡಿಎನ್‌ಎ ತಯಾರಿಯನ್ನು ನಿಲ್ಲಿಸುತ್ತದೆ. ಅದು ರೂಪುಗೊಂಡದ್ದು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ, ಆಂಧ್ರ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಿಂದ.

ಹಾಗೆಂದು ಸಕ್ಕರೆ ಬಿಡಿಸಿದರೆ ಗಡ್ಡೆ ಸಾಯುವುದಿಲ್ಲ. ಊಟ ಬಿಟ್ಟರೂ ಯಕೃತ್ತು ಗ್ಲೂಕೋಸ್ ತಯಾರಿಸುತ್ತಲೇ ಇರುತ್ತದೆ. ಕೀಮೋ ನಡೆಯುತ್ತಿರುವ ಮಗುವಿಗೆ ಪಥ್ಯದ ಹೆಸರಿನಲ್ಲಿ ಊಟ ಕಡಿಮೆ ಮಾಡಿದರೆ ಸೊರಗುವುದು ಮಗುವೇ. ಹದಿಹರೆಯದ ಮಗುವಿನ ಮಂಡಿನೋವು ವಾರಗಟ್ಟಲೆ ಹೋಗದಿದ್ದರೆ, ರಾತ್ರಿ ನಿದ್ದೆ ಕೆಡಿಸಿದರೆ, ಬಾವು ಕಂಡರೆ ಎಣ್ಣೆ ಹಚ್ಚಿ ತಿಕ್ಕಿಸುತ್ತ ಕೂರಬೇಡಿ. ಮೊದಲು ಎಕ್ಸ್-ರೇ ಮಾಡಿಸಿ.